ನುಸಿಗುಳಿಗೆ ಹಾಕಿದ ಸೀರೆ

ನುಸಿಗುಳಿಗೆಯ ಪಾಠವನ್ನು ವರ್ಷಾ ವರ್ಷ ಮಾಡುತ್ತೇನೆ. ದೊಡ್ಡಬಳ್ಳಾಪುರದ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರದಲ್ಲಿ ಬೇರೇನೂ ತಲೆಗೆ ಹೋಗದಿದ್ದರೂ ಇದು ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಮಗ್ಗವಿದೆ, ರೇಷ್ಮೆ ಇದ್ದ ಕಡೆ ಗುಳಿಗೆ ಇದ್ದೇ ಇರುತ್ತದೆ. ಅದರ ಒಂದೊಂದು ಅಣುವಿನೊಳಗೆ ಬಂಧ ಬಲು ಗಟ್ಟಿ. ಆದರೆ ತಟ್ಟೆಯಂಥ ಆ ಚಪ್ಪಟೆ ಅಣುಗಳಿಗೆ ಒಂದರ ಮೇಲೊಂದಕ್ಕೆ ಹಿಡಿತ ಸಡಿಲ. ಅದಕ್ಕೇ ಕರಗಿ ನೀರಾಗುವ ಗೋಜಿಗೆ ಹೋಗದೆ ನೇರ ಗಾಳಿಗೆ ಎದ್ದುಹೋಗುತ್ತವೆ.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ತನ್ನ ತಮ್ಮನ ಜೊತೆ ಪವರ್‌ಲೂಮ್ ನಡೆಸುತ್ತಿದ್ದ ಹೆಂಗಸು. ಬೆಳಿಗ್ಗೆ ಎದೆನೋವು ಅಂದಳು, ಮಧ್ಯಾಹ್ನಕ್ಕೆ ಇರಲಿಲ್ಲ. ತಿಥಿಯಾದ ಮೇಲೆ ನೆಂಟರು ಅವಳ ಬಟ್ಟೆ ಹಂಚಲು ಕೂತಾಗ ನಾನು ರೇಗಿ ಒಂದು ಸೀರೆ ಕಿತ್ತುಕೊಂಡೆ. ಅವಳೇ ನೇಯ್ದದ್ದು, ಸಾಯುವ ಹಿಂದಿನ ದಿನ ಯಾರದೋ ಮದುವೆಗೆ ಉಟ್ಟು ಮಡಚಿಟ್ಟಿದ್ದಳು. ಕೊಬ್ಬರಿ ಎಣ್ಣೆ, ಮರುಗ, ಬೆವರು, ಎಷ್ಟು ತೊಳೆದರೂ ಅವಳ ಕೈ ಬಿಡದ ಮಗ್ಗದ ಗ್ರೀಸು, ಎಲ್ಲದರ ವಾಸನೆ ಅದರಲ್ಲಿತ್ತು.

ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿದೆ. ವಾಸನೆ ಎಂದರೆ ಬಟ್ಟೆ ಬಿಟ್ಟು ಹೊರಟ ಅಣುಗಳೇ. ಮೂಸಿದಷ್ಟೂ ಅವಳು ಖರ್ಚಾಗುತ್ತಾಳೆ. ಸಂಕಟ ತಡೆಯಲಾರದ ದಿನ ಮಾತ್ರ ಒಂದು ಸಲ ಮೂಸಿ ಮುಚ್ಚುತ್ತಿದ್ದೆ. ಈ ಹಾಳು ವಿದ್ಯೆ ಕಲಿಯದಿದ್ದರೆ ದಿನಾ ಅದಕ್ಕೆ ಮುಖ ಒತ್ತಿಕೊಂಡು ಅಳಬಹುದಿತ್ತು.

ವರ್ಷದ ತಿಥಿಗೆ ಬಂದ ನಮ್ಮತ್ತೆ, ಅವಳ ತಾಯಿ, ನಾಲ್ಕು ದಿನ ಉಳಿದರು. ಒಂದು ಸಂಜೆ ಕಾಲೇಜಿನಿಂದ ಬಂದರೆ ಬಾಗಿಲಲ್ಲೇ ನುಸಿಗುಳಿಗೆಯ ಘಾಟು. ಒಳಗೆ ಟ್ರಂಕು ತೆರೆದಿತ್ತು. ಅತ್ತೆ ಸೀರೆಯನ್ನು ಕವರಿನಿಂದ ತೆಗೆದು, ಗಾಳಿಗೆ ಹರವಿ, ಮಡಿಕೆ ಬದಲಿಸಿ, ಮಡಿಕೆ ಮಡಿಕೆಗೂ ಗುಳಿಗೆ ಇಟ್ಟಿದ್ದರು. ನೇಯ್ಗೆಯ ಮನೆಯವರು ರೇಷ್ಮೆಗೆ ಮಾಡುವುದೇ ಹಾಗೆ.

"ಕವರ್‌ನಾಗೆ ಇಟ್ರೆ ಜರಿ ಕಪ್ಪಾಗ್ತದೆ ಕಣಪ್ಪಾ, ನುಸಿನೂ ಹೊಡೀತದೆ. ಮಗಳು ನೇಯ್ದಿದ್ ಸೀರೆ, ಹಾಳಾಗ್ಬಾರ್ದು ಅಂತ ಬೆಳಿಗ್ಗೆನೇ ಹಾಕ್ದೆ."

ಬಾಯಿಗೆ ಬಂದದ್ದನ್ನು ಅಂದುಬಿಡುವ ಸ್ವಭಾವ ನನ್ನದು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅವರು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ನೋಡಪ್ಪಾ, ನನ್ನ ಮಗಳ ವಾಸ್ನೆ ಇನ್ನೂ ಹಂಗೇ ಐತೆ," ಎಂದು ಸೆರಗನ್ನು ನನ್ನ ಮುಖಕ್ಕೆ ಹಿಡಿದರು.

ಉಸಿರು ತುಂಬ ಎಳೆದುಕೊಂಡೆ. ಮತ್ತೊಂದು ಸಲ ಎಳೆದುಕೊಂಡೆ. ಬರೀ ಗುಳಿಗೆ. ಅವಳು ಎಲ್ಲೂ ಇರಲಿಲ್ಲ.

"ಹೂಂ ಅತ್ತೆ, ಐತೆ," ಎಂದೆ.