ನನ್ನ ಗ್ವಾಡಿ, ನನ್ನ ಮೊಳಿ

ತುಟಿಗಳ ನಡುವೆ ಹಿಡಿ ಮೊಳೆ ಕಚ್ಚಿಕೊಂಡು, ಒಂದೂ ಕೆಳಗೆ ಬೀಳದಂತೆ, ಎದುರಿಗಿದ್ದವನ ಜನ್ಮ ಜಾಲಾಡಬಲ್ಲ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಬೈಸಿಕೊಂಡವನೂ ನಾನೇ. ನಂಬುವುದಿಲ್ಲವೇ? ಬೇಡ, ನಂಬಬೇಡಿ. ಬೆಳಗಾವಿಯ ಆಟೋ ನಗರದಲ್ಲಿ ನನ್ನ ಮಾತು ನಂಬಿದವರು ಯಾರೂ ಇಲ್ಲ. ಆದರೆ ನಾನು ಬಣ್ಣ ಬರೆದ ಲಾರಿ ಗೋವಾ ಘಟ್ಟ ಇಳಿಯುವಾಗ, ಹಿಂದಿನ ಡ್ರೈವರುಗಳು ಓವರ್‌ಟೇಕ್ ಮಾಡುವುದನ್ನು ಮರೆತು ಅಕ್ಷರ ನೋಡುತ್ತಾ ಬರುತ್ತಿದ್ದರು. ಅಂಥ ಪೇಂಟರ್ ನಾನು.

ಅಲ್ಲೇ ಗ್ಯಾರೇಜುಗಳ ನಡುವೆ ವೈನಿಯ ಖಾನಾವಳಿ ಇತ್ತು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತಾರೆ. ಇವರ ಗಂಡ ಲಾರಿ ಅಪಘಾತದಲ್ಲಿ ಹೋಗಿ ಬಹಳ ವರ್ಷಗಳಾಗಿದ್ದವು, ಆದರೆ ಇಡೀ ಆಟೋ ನಗರ ಮೈದುನರಿಂದ ತುಂಬಿತ್ತು. ಮಧ್ಯಾಹ್ನ ಬಾಗಿಲಲ್ಲೇ ನಿಂತು ಗದರುತ್ತಿದ್ದರು: "ಕೈ ತೊಳ್ಕೊಂಡ ಕುಂದರ್ರಿ! ಗ್ರೀಸ್ ಹತ್ತಿದ್ರ ರೊಟ್ಟಿ ಜಾರಿ ಬಾಜು ತಾಟಿಗೆ ಹೋಗ್ತಾವ."

ಒಮ್ಮೆ ಅವರಿಲ್ಲದಾಗ ಖಾನಾವಳಿಯ ಬೋರ್ಡಿನ ಕೆಳಗೆ ಚೆಂದದ ಅಕ್ಷರದಲ್ಲಿ "ಬೈಗುಳ ಉಚಿತ" ಎಂದು ಬರೆದಿಟ್ಟೆ. ಮರುದಿನ ನನ್ನ ತಾಟಿನಲ್ಲಿ ಎರಡು ರೊಟ್ಟಿಗಳ ನಡುವೆ ದುಂಡಗೆ ಕತ್ತರಿಸಿದ ಸ್ಯಾಂಡ್‌ಪೇಪರ್ ಇತ್ತು. ಸೋಲುವವನೇ ನಾನು? ಅಗಿಯುತ್ತಲೇ, "ಈ ಸಲದ ಜ್ವಾಳ ಭಾಳ ಚಲೋ ಅದಾವ್ರಿ ವೈನಿ" ಎಂದೆ.

"ಹಲ್ಲ ಪಾಲಿಶ್ ಆಗ್ಯಾವ. ನಾಳಿ ಬಾ, ಪ್ರೈಮರ್ ಹಚ್ಚತೀನಿ" ಎಂದರು.

ಇಂಥ ವೈನಿಗೆ ಗೋಡೆ ಎಂದರೆ ಮಾತ್ರ ಭಯ. ಮದುವೆಯಾದಂದಿನಿಂದ ಬಾಡಿಗೆ ಮನೆ. ಯಾವ ಮಾಲೀಕನಾದರೂ ಮೊದಲು ಹೇಳುತ್ತಿದ್ದದ್ದು, ಗೋಡೆಗೆ ಮೊಳೆ ಹೊಡೆಯಬಾರದು ಎಂದು. ಮನೆ ಬಿಡುವ ದಿನ ಮಾಲೀಕರು ಗೋಡೆಯ ಮೇಲೆ ಅಂಗೈ ಆಡಿಸಿ ಮೊಳೆಯ ತೂತು ಹುಡುಕುತ್ತಿದ್ದರು. ಹಾಗಾಗಿ ಗಂಡನ ಫೋಟೋ ಜೋಳದ ಡಬ್ಬಿಗೆ ಒರಗಿ ಕೂತಿತ್ತು. "ನಂದ ಅಂತ ಒಂದ ಗ್ವಾಡಿ ಬೇಕೋ ಪೇಂಟರ್. ಅವರನ್ನ ಅದಕ್ಕ ತೂಗಹಾಕಿ ನಾ ಸಾಯಬೇಕು" ಎನ್ನುತ್ತಿದ್ದರು.

ಬೆಳಗಾವಿಯಲ್ಲಿ ಗೋಡೆ ಕೈಗೆಟುಕಲಿಲ್ಲ. ಖಾನಾಪುರದಲ್ಲಿ ಒಂದು ಹಳೆಯ ಹಂಚಿನ ಮನೆ ಸಿಕ್ಕಿತು. ಕಟ್ಟಿಗೆಯ ತೊಲೆ, ಕಟ್ಟಿಗೆಯ ಚೌಕಟ್ಟು. ಬ್ಯಾಂಕಿನವರು ಸಾಲದ ಜೊತೆಗೆ ಮನೆಗೆ ವಿಮೆಯನ್ನೂ ಮಾಡಿಸಿದರು. ಒಕ್ಕಲು ಬಂದ ದಿನ ನಾನು ನೋಡಿದ್ದು ಆ ಮೊಳೆ ತುಂಬಿದ ಬಾಯಿಯನ್ನೇ. ಗಂಡನಿಗೊಂದು ಮೊಳೆ, ಕ್ಯಾಲೆಂಡರಿಗೊಂದು, ಜರಡಿಗೊಂದು, ಏನೂ ತೂಗುಹಾಕಲು ಇಲ್ಲದ ಕಡೆಯೂ ಒಂದು.

"ವೈನಿ, ಮನಿ ಮುಳ್ಳಹಂದಿ ಆಗೇತ್ರಿ!"

"ಆಗ್ಲಿ. ನನ್ನ ಗ್ವಾಡಿ, ನನ್ನ ಮೊಳಿ. ನೀ ಯಾವಾಂವ ಕೇಳಾಂವ?"

ನನ್ನ ಉಡುಗೊರೆಯಾಗಿ ಬಾಗಿಲ ಚೌಕಟ್ಟಿಗೆ ಲಾರಿಯ ಕೆಂಪು ಎನಾಮೆಲ್ ಬಳಿದೆ. ವಿಮೆಯ ಕಾಗದಕ್ಕೆ ವೈನಿ ಗಾಜು ಹಾಕಿಸಿ ಗಂಡನ ಪಕ್ಕದಲ್ಲೇ ತೂಗುಹಾಕಿದರು. ಗೆದ್ದಲಿಗೆ ಔಷಧ ಹೊಡೆಯುವವನು ಬಂದು, ಹಳೇ ಮನೆ, ನೆಲದಂಚಿಗೆ ತೂತು ಕೊರೆದು ಔಷಧ ಇಳಿಸಬೇಕು ಎಂದಾಗ ಅದನ್ನೇ ತೋರಿಸಿದರು. "ನನ್ನ ಮನಿಗೆ ವಿಮಾ ಐತಿ. ಬೆಂಕಿ, ಮಳಿ, ಭೂಕಂಪ ಎಲ್ಲಾ ಅದರಾಗ ಬಂತು. ಒರಲಿ ಏನ ಭೂಕಂಪಕ್ಕಿಂತ ದೊಡ್ಡದೇನ?"

ಒರಲಿ ಎಂದರೆ ಗೆದ್ದಲೇ. ನಾನು ಕಾಲೆಳೆದೆ: "ಒರಲಿಗೆ ಓದಾಕ ಬರೂದಿಲ್ರಿ ವೈನಿ. ಆ ಕಾಗದಾ ಅದಕ್ಕ ಹ್ಯಾಂಗ ತಿಳೀಬೇಕು?"

"ನಿನಗರ ಎಲ್ಲಿ ಬರತೈತಿ? ನೋಡಿ ನೋಡಿ ಚಿತ್ರಾ ತೆಗದಂಗ ಬರೀತಿ."

ಔಷಧದವನು ಡಬ್ಬಿ ಎತ್ತಿಕೊಂಡು ಹೋದ.

ಮುಂದಿನ ಮಳೆಗಾಲ. ಜಾಂಬೋಟಿ ಕಡೆಯಿಂದ ಬಂದ ಮೋಡ ಖಾನಾಪುರ ಬಿಟ್ಟು ಕದಲಲಿಲ್ಲ. ಒಂದು ಭಾನುವಾರ ವೈನಿ ಫೋನ್ ಮಾಡಿ ಕರೆಸಿದರು. ಛತ್ರಿ ತೂಗುಹಾಕಲೆಂದು ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆಯುವವರಿದ್ದರಂತೆ. ನನ್ನೆದುರು ಮೊಳೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಸುತ್ತಿಗೆಯೇ ಬೇಕಾಗಲಿಲ್ಲ. ತಲೆಯವರೆಗೂ ಇಳಿಯಿತು.

"ಏನ ಮಾಡೀಯೋ ಮಂಗ್ಯಾ? ಒಳಗ ಸಾಬೂನ ತುಂಬೀಯೇನ?" ಎಂದು ನಗುತ್ತಿದ್ದರು. ನನ್ನ ಕಿತಾಪತಿಯೆಂದೇ ಅವರ ಎಣಿಕೆ.

ಬೀಗದ ಕೈಯಿಂದ ಕೆರೆದೆ. ಎನಾಮೆಲ್ ತೊಗಲಿನಂತೆ ಸುಲಿದು ಬಂತು. ಒಳಗೆ ಕಟ್ಟಿಗೆ ಇರಲಿಲ್ಲ, ಒದ್ದೆ ಮಣ್ಣಿತ್ತು, ಬಿಳಿ ಹುಳಗಳು ಹರಿದಾಡುತ್ತಿದ್ದವು. ನನ್ನ ಕೈಕೆಲಸ ಅಷ್ಟು ಗಟ್ಟಿ ನೋಡಿ: ಕಟ್ಟಿಗೆ ಹೋದ ಮೇಲೂ ಬಣ್ಣವೊಂದೇ ಬಾಗಿಲಾಗಿ ನಿಂತಿತ್ತು.

"ನಾ ಅಲ್ರಿ ವೈನಿ" ಎಂದೆ.

ಅವರ ನಗು ನಿಂತಿತು. ತಲೆ ಎತ್ತಿ ತೊಲೆಯನ್ನು ನೋಡಿದರು.

ಔಷಧದವನನ್ನು ಮತ್ತೆ ಕರೆಸುವಷ್ಟು ಪುರುಸೊತ್ತನ್ನೂ ಮಳೆ ಕೊಡಲಿಲ್ಲ. ವೈನಿ ಬೆಳಗಾವಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ತೊಲೆ ಮುರಿಯಿತು. ಹಂಚು, ಅಡ್ಡಪಟ್ಟಿ, ಬೀದಿ ಕಡೆಯ ಗೋಡೆ, ಎಲ್ಲವೂ ನೆಲಕ್ಕೆ ಬಂದವು. ವಿಮೆಯ ಕಡೆಯಿಂದ ಒಬ್ಬರು ನೋಡಲು ಬಂದರು. ಕೆಟ್ಟವರಲ್ಲ. ಸೂರಿಲ್ಲದ ಮನೆಗೂ ಹೊಸ್ತಿಲಲ್ಲಿ ಬೂಟು ಒರೆಸಿಕೊಂಡು ಕಾಲಿಟ್ಟರು. ತೊಲೆಯ ತುಂಡೊಂದನ್ನು ಬೆರಳಲ್ಲಿ ಹಿಸುಕಿದರು. ಪುಡಿಯಾಯಿತು.

"ಇದು ಮಳಿಗೆ ಬಿದ್ದದ್ದಲ್ಲವ್ವಾ. ಹುಳ ತಿಂದ ಬಿದ್ದದ್ದು. ಹುಳ ತಿಂದದ್ದಕ್ಕ ವಿಮಾ ಬರೂದಿಲ್ಲ."

"ಮಳಿ ಬಂದಾಗನ ಬಿತ್ತಲ್ರಿ?"

"ಮಳಿ ಬರೇ ನೆವಾ."

"ಹಂಗಂತ ಕಾಗದದಾಗ ಎಲ್ಲಿ ಬರದೈತಿ, ತೋರಸ್ರಿ" ಎಂದು ವೈನಿ ಉಳಿದ ಗೋಡೆಯಿಂದ ವಿಮೆಯ ಗಾಜಿನ ಚೌಕಟ್ಟು ಇಳಿಸಿ ಕೊಟ್ಟರು. ಗಾಜಿನ ಹಿಂದೆ ಕಾಗದವೇ ಇರಲಿಲ್ಲ. ಗೆದ್ದಲು ಅದನ್ನೂ ತಿಂದು ಮಣ್ಣಿನ ಗೆರೆಗಳನ್ನು ಬಿಟ್ಟಿತ್ತು. ಬಂದವರು ಬೆಪ್ಪಾದರು. ವೈನಿ ಬಿದ್ದು ಬಿದ್ದು ನಕ್ಕರು. "ನಿಮ್ಮ ಕಾಗದಾನೂ ಉಳೀಲಿಲ್ಲ, ನನ್ನ ಮನಿನೂ ಉಳೀಲಿಲ್ಲ. ಬರೋಬ್ಬರಿ ಆತ ನೋಡ್ರಿ!"

ಮತ್ತೆ ಬೆಳಗಾವಿಯಲ್ಲಿ ಬಾಡಿಗೆ ಕೋಣೆ. ಇಲ್ಲದ ಮನೆಯ ಕಂತು ಕಟ್ಟುತ್ತಲೇ ಇದ್ದರು. ಒಡೆದ ಗಾಜಿನ ಗಂಡ ಮತ್ತೆ ಜೋಳದ ಡಬ್ಬಿಗೆ ಒರಗಿದ. ನಾನು ಬೇಕೆಂದೇ ಮೊಣಕೈವರೆಗೆ ಬಣ್ಣ ಮೆತ್ತಿಕೊಂಡು ಊಟಕ್ಕೆ ಕೂರುತ್ತಿದ್ದೆ, ಬೈಯಲಿ ಎಂದು. ಸುಮ್ಮನೆ ರೊಟ್ಟಿ ಹಾಕಿ ಹೋಗುತ್ತಿದ್ದರು. ಚಳಿಗಾಲ ಕಳೆಯುವ ಮೊದಲೇ, ಕೋಣೆಯ ಒಲೆಯ ಮುಂದೆ ಕೂತಲ್ಲಿಯೇ ಹೋದರು. ನಾವು ಹೊರಗೆ ಹೊತ್ತು ತಂದಾಗ ಮಾಲೀಕರೂ ಕಣ್ಣೊರೆಸಿಕೊಂಡರು. ಹಾಗೆ ಒರೆಸಿಕೊಂಡ ಕೈ ತಾನಾಗಿಯೇ ಗೋಡೆಯ ಮೇಲೆ ಆಡಿತು. ಒಂದು ಮೊಳೆಯೂ ಇರಲಿಲ್ಲ.

ಗಂಡನ ಆ ಫೋಟೋ ಈಗ ನನ್ನ ಅಂಗಡಿಯ ಗೋಡೆಯಲ್ಲಿದೆ, ಪಕ್ಕದಲ್ಲಿ ವೈನಿಯದೂ ಇದೆ. ಹೊಸದಾಗಿ ಮನೆ ಕೊಳ್ಳುವ ಮೆಕ್ಯಾನಿಕ್ ಹುಡುಗರು ಬಂದರೆ ಕೈಗೊಂದು ಮೊಳೆ ಕೊಡುತ್ತೇನೆ. "ಸಹಿ ಮಾಡೂಕ್ಕಿಂತ ಮೊದಲ ಚೌಕಟ್ಟಿಗೆ ಹೆಬ್ಬಟ್ಟಲೆ ಒತ್ತಿ ನೋಡ್ರೋ" ಎನ್ನುತ್ತೇನೆ. ಚೇಷ್ಟೆ ಎಂದುಕೊಂಡು ನಗುತ್ತಾರೆ.

ಇಷ್ಟರಲ್ಲಿ ಒಂದೇ ಒಂದು ಸುಳ್ಳಿದೆ. ಬಾಯ್ತುಂಬ ಮೊಳೆಯೂ ನಿಜ, ಸ್ಯಾಂಡ್‌ಪೇಪರೂ ನಿಜ. ಗೆದ್ದಲು ಆ ಕಾಗದವನ್ನು ತಿಂದಿರಲಿಲ್ಲ. ಗಾಜಿನ ಹಿಂದೆ ಅದು ಬ್ಯಾಂಕಿನಿಂದ ಬಂದ ದಿನದಷ್ಟೇ ಬೆಳ್ಳಗಿತ್ತು. ಬಂದವರು ಅದನ್ನು ಹೊರತೆಗೆದು, ಹುಳ ತಿಂದದ್ದಕ್ಕೆ ವಿಮೆ ಇಲ್ಲವೆಂಬ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದರು. ತೊಲೆ ತಿಂದು, ಬಾಗಿಲು ತಿಂದು, ಆ ಸಾಲಿನ ಒಂದಕ್ಷರವನ್ನೂ ಅವು ಮುಟ್ಟಿರಲಿಲ್ಲ. ವೈನಿ ನಗಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಒರಲಿಗೆ ಓದಾಕ ಬರತೈತೋ ಪೇಂಟರ್."