ಮೀಸೆಯ ಬುರುಡೆ ಹೋದ ದಾರಿ

ಇಪ್ಪತ್ತೆಂಟು ವರ್ಷ ಮಾಡಿದ ಕೆಲಸವನ್ನು ಒಂದು ಮಂಗಳವಾರ ಬಿಟ್ಟೆ. ಬುಧವಾರ ಬೆಳಿಗ್ಗೆ ಪ್ರವಾಸ ಹೊರಟೆ. ಕಾಶಿಗಲ್ಲ, ರಾಮೇಶ್ವರಕ್ಕಲ್ಲ. ನಾನು ತೂಬು ಎತ್ತಿ ಬಿಟ್ಟ ನೀರು ಎಲ್ಲಿಯವರೆಗೆ ಹೋಗುತ್ತದೆಂದು ನೋಡಲು ಹೊರಟೆ. ಇದನ್ನು ಕೇಳಿ ನಕ್ಕ ಹೊಸಪೇಟೆಯ ಗೆಳೆಯರು ಹೋಟೆಲಿನ ಕಟ್ಟೆಯ ಮೇಲೆ ಈಗಲೂ ಅಲ್ಲೇ ಕೂತಿದ್ದಾರೆ. ಈ ಬರಹ ಅವರಿಗಾಗಿ.

ಸರಕಾರಿ ಕಾಗದದಲ್ಲಿ ನಾನು ಲಸ್ಕರು, ಜನರ ಬಾಯಲ್ಲಿ ನೀರುಗಂಟಿ. ಊರಿನ ಮೇಲುಗಡೆ, ಹೊಳೆಗೆ ಅರಸರ ಕಾಲದಲ್ಲಿ ಕಟ್ಟಿದ ಅಣೆಯ ಪಕ್ಕ, ಕಾಲುವೆಯ ತಲೆತೂಬು ನನ್ನ ಕೈಯಲ್ಲಿತ್ತು. ನಾನು ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಇಷ್ಟು ಅಧಿಕಾರ ಮದ್ರಾಸಿನ ಗವರ್ನರಿಗೂ ಇಲ್ಲವೆಂದು ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಮಲಪನಗುಡಿಯಿಂದ ಆಚೆಗೆ ನಾನು ಕಾಲಿಟ್ಟವನಲ್ಲ. ನೀರಿಗೆ ರಜೆಯಿಲ್ಲ, ನೀರುಗಂಟಿಗೂ ಇಲ್ಲ.

ಪ್ರತಿ ವರ್ಷ ಹೂಳು ತೆಗೆಸಿ ಹೊಸ ನೀರು ಬಿಡುವ ದಿನ ಮೇಲಧಿಕಾರಿಗಳು ಅರಿಸಿನ, ಕುಂಕುಮ, ಕಾಯಿ ಏರಿಸಿ ಹೋಗುತ್ತಿದ್ದರು. ಅವರು ಹೋದ ಮೇಲೆ ನನ್ನ ಪೂಜೆ. ಒಣಗಿದ ಸೋರೆಬುರುಡೆಯ ಬಾಯಿಗೆ ಮೇಣ ಬಡಿದು, ತೂಬಿನ ಹಲಗೆಗೆ ಬಳಿಯುವ ಡಾಂಬರಿನಿಂದ ಅದಕ್ಕೆ ಕಣ್ಣು, ಮೂಗು, ಮತ್ತು ನನ್ನದೇ ನಮೂನೆಯ ತುದಿ ತಿರುವಿದ ಮೀಸೆ ಬರೆದು ತೇಲಿಬಿಡುತ್ತಿದ್ದೆ. ಅದು ಸಮುದ್ರ ಸೇರಿ, ಮದ್ರಾಸಿನ ದಂಡೆಯಲ್ಲಿ ಗವರ್ನರ ಹೆಂಡತಿಗೆ ಸಿಕ್ಕಿ, ಅವಳ ಮೇಜಿನ ಮೇಲಿದೆಯೆಂದು ಹೋಟೆಲಿನಲ್ಲಿ ಹೇಳುತ್ತಿದ್ದೆ.

ತಮಾಷೆ ಸರಿ. ಆದರೆ ಕಾಲುವೆಯ ಬಾಲದ ಊರಿನಿಂದ ಆಗಾಗ ಅರ್ಜಿ ಬರುತ್ತಿತ್ತು: ನಮಗೆ ನೀರು ಮುಟ್ಟಿಲ್ಲ, ಮೇಲಿನ ನೀರುಗಂಟಿ ಸರಿಯಿಲ್ಲ. ಅರ್ಜಿ ಸುಳ್ಳು ಎಂದು ನಾನು ಎದೆ ತಟ್ಟಿ ಹೇಳಿದ್ದೆ. ನನ್ನ ಬುರುಡೆ ಅಲ್ಲಿಯವರೆಗೆ ಹೋಗಿದ್ದರೆ ನಾನು ಗೆದ್ದಂತೆ. ಅದನ್ನು ತಿಳಿಯದೆ ಮನೆಯಲ್ಲಿ ಕೂರುವುದು ನನ್ನಿಂದಾಗಲಿಲ್ಲ.

ಹೂಳು ತೆಗೆಯುವ ದಿನಗಳಾದ್ದರಿಂದ ಕಾಲುವೆ ಒಣಗಿತ್ತು. ನಾನು ಅದರ ಹೊಟ್ಟೆಯೊಳಗೇ ನಡೆದೆ. ಹೆಗಲಿಗೆ ಬುತ್ತಿ, ಕೈಯಲ್ಲಿ ಕೋಲು. ದಕ್ಷಿಣಕ್ಕೆ ಸಂಡೂರಿನ ಕೆಂಪು ಗುಡ್ಡಗಳು. ಒಬ್ಬ ಸಾಹುಕಾರರ ಬಾಳೆತೋಟದ ಹತ್ತಿರ ಕಾಲುವೆಗೆ ಅಡ್ಡವಾಗಿ ದೊಡ್ಡ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಅಲ್ಲಿ ನೀರು ನಿಂತು, ಏರಿ, ತೋಟಕ್ಕೆ ತಿರುಗಲೆಂದು. ಹೂಳು ತೆಗೆಯುವವರ ಮೇಸ್ತ್ರಿ ಹುಸೇನಪ್ಪ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಏನ್ ಮಾವ, ಕೆಲಸ ಬಿಟ್ರೂ ಕಾಲುವಿ ಬಿಡ್ಲಿಲ್ಲಲ್ಲ?"

"ನೀ ಈ ಕಲ್ಲು ಯಾಕ ಬಿಟ್ಟೀಯಲೇ?" ಎಂದೆ.

"ಇವು ಹೂಳಲ್ಲ, ಹಂಗಾಗಿ ನಾ ತಗಿಯಂಗಿಲ್ಲ. ನೀರುಗಂಟಿ ತಗೀಬೇಕು. ಇಪ್ಪತ್ತೆಂಟು ವರ್ಷ ಅವಂಗ ಕಂಡಿಲ್ಲ ನೋಡು, ಬಾಳೆಗೊನಿ ಅಡ್ಡ ಬಂದಿತ್ತು."

ಆ ತೋಟದ ಗೊನೆ ವರ್ಷಕ್ಕೊಂದು ನಮ್ಮ ಮನೆಗೆ ಬರುತ್ತಿದ್ದುದು ನಿಜ. ಕಲ್ಲು ದಾಟಿ ಮುಂದೆ ಹೋದೆ.

ಸಂಜೆ ಕಾಲುವೆ ಬಿಟ್ಟು ಮಲಪನಗುಡಿಗೆ ತಿರುಗಿದೆ. ಅಲ್ಲಿನ ಹಳೆಯ ಮೆಟ್ಟಿಲ ಬಾವಿಯ ತಂಪಿಗೆ ನಮ್ಮ ಹೋಟೆಲಿನ ಸೋಡಾ ಸಮನಲ್ಲ. ಗುಡಿಯ ಕಟ್ಟೆಯ ಮೇಲೆ ಮಲಗಿ, ಗುರುವಾರ ಬಿಸಿಲೇರುವ ಮೊದಲೇ ಹಂಪಿ ಸೇರಿದೆ.

ಹಂಪಿಯಲ್ಲಿ ಎಲ್ಲರೂ ಗೋಪುರ ನೋಡುತ್ತಾರೆ; ನಾನು ನನ್ನ ಕಾಲುವೆ ನೋಡಿದೆ. ಅದು ಬಂಡೆಯನ್ನು ಬಳಸಿ, ಬಂಡೆಯನ್ನು ಸೀಳಿ, ಪಾಳುಗುಡಿಗಳ ನಡುವೆ ಬಾಳೆ ಕಬ್ಬುಗಳನ್ನು ಹಸಿರಾಗಿಟ್ಟುಕೊಂಡು ಹೋಗುತ್ತದೆ. ಅರಸರು ಹೋದರು, ಅರಮನೆ ಹೋಯಿತು, ಕಾಲುವೆಯೊಂದು ಕೆಲಸ ಬಿಟ್ಟಿಲ್ಲ. ಒಂದು ಕಡೆ ಕಲ್ಲುಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಜೋಡಿಸಿ ಹಿಂದೆ ನೀರು ಹಾಯಿಸಿದ್ದಾರೆ. ಅದರ ಇಳಿಜಾರನ್ನು ಕಣ್ಣಳತೆಯಲ್ಲಿ ನೋಡಿದೆ. ಕಟ್ಟಿದವನು ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ. ನಾನು ಹಾಗೆ ಬೀಳುವವನಲ್ಲವೆಂದು ನಿಮಗೆ ಗೊತ್ತು.

ಅಲ್ಲಿಗೆ ಬಂದ ಯಾತ್ರಿಕರ ಗುಂಪೊಂದು, ಈ ಒಣ ಹಳ್ಳ ಏನೆಂದು ಕೇಳಿತು. ರಾಣಿಯರು ಯಾರ ಕಣ್ಣಿಗೂ ಬೀಳದಂತೆ ಓಡಾಡಿದ ದಾರಿ ಎಂದೆ. ಪಾಪ, ಅವರು ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ಒಂದು ಫರ್ಲಾಂಗು ನಡೆದರು, ಹೊರಡುವಾಗ ನನಗೆ ಎರಡು ಲಡ್ಡು ಕೊಟ್ಟರು. ಲಡ್ಡು ಚೆನ್ನಾಗಿದ್ದವು.

ಶುಕ್ರವಾರ ಕಮಲಾಪುರದಿಂದ ಕಂಪ್ಲಿಯ ಕಡೆಗೆ ನಡೆದೆ. ಕಾಲುವೆ ಕಿರಿದಾಗುತ್ತ ಬಂದು, ಕೊನೆಗೆ ಒಂದು ಸಣ್ಣ ಹಳ್ಳಿಯಲ್ಲಿ ಎಮ್ಮೆ ದಾಟುವಷ್ಟು ಅಗಲದ ತೋಡಾಗಿ ಮುಗಿಯಿತು. ಅಲ್ಲೊಂದು ಮನೆಯ ಮುಂದೆ ನನಗಿಂತ ಹಿರಿಯ ಹೆಂಗಸು ನವಣೆ ಹಸನು ಮಾಡುತ್ತಿದ್ದಳು. ಹೆಸರು ಹುಲಿಗೆವ್ವ. ಧೂಳಿಗೆಂದು ಮುಖಕ್ಕೆ ಸುತ್ತಿದ ಟವೆಲಿನೊಳಗಿಂದಲೇ ನೀರು ಕೇಳಿದೆ.

"ಕುಂದ್ರಪ್ಪ, ರೊಟ್ಟಿ ತಿಂದು ನೀರು ಕುಡಿ," ಎಂದು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟು, ಮತ್ತೆ ನವಣೆಯ ಮೊರದ ಮೇಲೆ ಬಗ್ಗಿದಳು. ಅಂಥ ಪುಂಡಿಪಲ್ಯ ನಾನು ತಿಂದಿಲ್ಲ. ಇದನ್ನು ನಮ್ಮ ಮನೆಯಲ್ಲಿ ಯಾರೂ ಓದಿ ಹೇಳಬಾರದು.

ತಲೆಯೆತ್ತಿ ನೋಡಿದರೆ ಜಂತಿಗೆ ನನ್ನ ಬುರುಡೆಗಳು ತೂಗುತ್ತಿದ್ದವು. ಡಾಂಬರಿನ ಮೀಸೆಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ಒಂದರಲ್ಲಿ ಉಪ್ಪು, ಒಂದರಲ್ಲಿ ಅವರೆಬೀಜ. ಗೆದ್ದೆನೆಂದು ಹಿಗ್ಗಿದೆ. ಆದರೂ ತಿನ್ನಲು ಇಳಿಸಿದ್ದ ಟವೆಲನ್ನು, ಮೀಸೆ ಕಾಣದಂತೆ, ಮತ್ತೆ ಮೂಗಿನ ತನಕ ಎಳೆದುಕೊಂಡು, ಇವೇನೆಂದು ಕೇಳಿದೆ.

"ಮೀಸಿ ಮಾವ. ಹೊಸ ನೀರಿನ ಕೂಡ ಬರ್ತಾನ. ಮೀಸಿ ಬಂತಂದ್ರ ಊರೆಲ್ಲ ಭತ್ತ ನೆನಿ ಹಾಕ್ತೀವಿ. ಬರ್ಲಿಲ್ಲಂದ್ರ ನವಣಿ ಬಿತ್ತಿ ಸುಮ್ಮನಾಗ್ತೀವಿ."

"ಎಷ್ಟು ಸಲ ಬಂದಾನ?"

"ಎಣಿಸ್ಕೋ. ಇಪ್ಪತ್ತೆಂಟು ವರ್ಷದಾಗ ಹನ್ನೊಂದು."

ಇಪ್ಪತ್ತೆಂಟರಲ್ಲಿ ಹನ್ನೊಂದು. ಹೊಳೆ ಉಕ್ಕಿದ ವರ್ಷ ಮಾತ್ರ ಬುರುಡೆಗಳು ಸಾಹುಕಾರರ ಕಲ್ಲಿನ ಮೇಲೆ ಹರಿದು ಬಂದಿವೆ. ಉಳಿದ ಹದಿನೇಳು ವರ್ಷ ಅರ್ಜಿ ನಿಜವಾಗಿತ್ತು.

"ಈ ಸೋಮವಾರ ನೀರು ಬಿಡ್ತಾರಂತ. ಬುರುಡಿ ಬರದಿದ್ರೂ ಭತ್ತ ಹಾಕಿಬಿಡ್ರಿ, ನೀರುಗಂಟಿನ್ನ ಕೇಳಿ ಹೇಳ್ತೀನಿ," ಎಂದೆ.

"ನೀರುಗಂಟಿ ಬಾಯಿ ಸುಳ್ಳು ಹೇಳ್ತೈತಪ್ಪ, ಬುರುಡಿ ಹೇಳಂಗಿಲ್ಲ. ಎರಡು ವರ್ಷ ಆತು ಬಂದಿಲ್ಲ. ಈ ಸಲನೂ ಬರದಿದ್ರ ನನ್ನ ಮಗ ಹೊಲ ಮಾರಿ ಗಿರಣಿ ಕೂಲಿಗೆ ಹೋಗ್ತೀನಿ ಅಂತಾನ."

ನನ್ನ ಜಾಗಕ್ಕೆ ಬಂದ ಈರಣ್ಣ ನಗುವುದನ್ನೇ ಅರಿಯದ ಮನುಷ್ಯ, ಬುರುಡೆ ಬಿಡುವವನಲ್ಲ. ನೀರು ಬಂದರೂ ಮೀಸೆ ಬರುವುದಿಲ್ಲ. ಕಮಲಾಪುರದ ಹತ್ತಿರ ನಾನೇ ಒಂದು ಬುರುಡೆ ಬಿಟ್ಟರಾಯಿತೆಂದು ಮೊದಲು ಹೊಳೆಯಿತು. ನನಗೆ ಅದು ಎಡಗೈ ಕೆಲಸ. ಆದರೆ ನೀರು ಸಾಲದ ವರ್ಷ ಬುರುಡೆ ಮಾತ್ರ ಬಂದರೆ ಅವಳ ಸಸಿ ಸುಟ್ಟುಹೋಗುತ್ತದೆ. ಜೀವಮಾನದಲ್ಲಿ ಒಂದು ಕುಚೇಷ್ಟೆಯನ್ನು ಕೈಬಿಟ್ಟೆನೆಂದರೆ ಇದೊಂದೇ.

ಕಂಪ್ಲಿ ನೋಡಿ, ಹರಿಗೋಲು ಹತ್ತುವ ಆಸೆಯಿತ್ತು. ಆದರೆ ಬುರುಡೆ ತಲೆತೂಬಿನಿಂದಲೇ ಹೊರಟು ತಾನಾಗಿ ಬರಬೇಕೆಂದು ಅದನ್ನು ಬಿಟ್ಟು, ಶನಿವಾರ ಕಂಪ್ಲಿಯಿಂದ ಬಂದ ಬಸ್ಸಿಗೆ ನಾಲ್ಕಾಣೆ ಕೊಟ್ಟು ಹೊಸಪೇಟೆಗೆ ವಾಪಸಾದೆ. ಇದ್ದಿಲ ಹೊಗೆಯ ಬಸ್ಸು. ಏರು ಬಂದಾಗಲೆಲ್ಲ ನಾಲ್ಕಾಣೆ ಕೊಟ್ಟವರೇ ಇಳಿದು ತಳ್ಳಿದೆವು.

ಸೋಮವಾರ ಪೂಜೆ ಮುಗಿಯಿತು, ಈರಣ್ಣ ತೂಬು ಎತ್ತಿದ, ನಾನು ಬುರುಡೆ ಬಿಟ್ಟೆ. ಅವನು ನನ್ನ ಮುಖವನ್ನೂ ಬುರುಡೆಯನ್ನೂ ನೋಡಿದ. ನಾನು ದಂಡೆಗುಂಟ ಅದರ ಜೊತೆ ನಡೆದೆ. ಹೊಳೆಯಲ್ಲಿ ನೀರು ಅಷ್ಟಕ್ಕಷ್ಟೇ ಇತ್ತು. ಬಾಳೆತೋಟದ ಕಲ್ಲಿಗೆ ಬಂದದ್ದೇ ಬುರುಡೆ ನಿಂತಿತು, ಗರಗರ ತಿರುಗಿತು, ನಿಂತೇ ಇತ್ತು. ನೀರು ತೋಟಕ್ಕೆ ಹೊರಳತೊಡಗಿತು.

ನಾನು ಕಚ್ಚೆ ಬಿಗಿದು ಇಳಿದೆ. ಮೊದಲ ಕಲ್ಲು ಉರುಳಿದಾಗ ತೋಟದ ಆಳು ಓಡಿಬಂದ.

"ಯಾರ ಅಪ್ಪಣಿ ಐತಿ ನಿನಗ?"

"ಅಪ್ಪಣಿ ಬೇಕಾದಾಂವ ನೀರುಗಂಟಿ. ನಾ ಪ್ರವಾಸಿ. ನನ್ನ ದಾರಿಗೆ ಕಲ್ಲು ಅಡ್ಡ ಐತಿ, ಸರಸ್ತೀನಿ."

"ಸಾಹುಕಾರಿಗೆ ಹೇಳ್ತೀನಿ."

"ಹೇಳು. ಇನ್ನ ಮ್ಯಾಲ ಗೊನಿ ಕಳಿಸೂದು ಬ್ಯಾಡ, ನನಗ ಹಲ್ಲಿಲ್ಲ ಅಂತ ಹೇಳು."

ಎರಡನೆಯ ಕಲ್ಲು ನನಗೆ ಜಗ್ಗಲಿಲ್ಲ. ಆಗ ಪಕ್ಕದಲ್ಲಿ ಮತ್ತೆರಡು ಕೈ ಕಂಡವು. ಹಿಂದೆಯೇ ಬಂದಿದ್ದ ಈರಣ್ಣ ಸೊಂಟದ ತನಕ ನೀರಿನಲ್ಲಿ ನಿಂತಿದ್ದ. ಸಾಲು ಪೂರ್ತಿ ಕಿತ್ತೆವು. ಬುರುಡೆ ಒಮ್ಮೆ ಮುಳುಗಿ ಎದ್ದು ಓಡಿತು. ಕೆಲಸ ಬಿಟ್ಟ ಆರನೆಯ ದಿನ ನಾನು ನೀರುಗಂಟಿಯ ಕೆಲಸ ಮಾಡಿದ್ದೆ.

ರಾತ್ರಿ ಅದು ಮುಂದೆ ಹೋಯಿತು, ನಾನು ಹಂಪಿಯಲ್ಲಿ ಮಲಗಿದೆ. ಬೆಳಿಗ್ಗೆ ಕಮಲಾಪುರದ ಹತ್ತಿರ ನೀರಂಚಿಗೆ ಬೆಳೆದ ಆಪಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ದೂಡಲು ಕೈಯಲ್ಲಿ ಕೋಲಿತ್ತು. ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡು ಒಂದು ತಾಸು ಕೂತೆ. ನೀರು ಏರಿತು, ಬುರುಡೆ ತಾನಾಗಿಯೇ ಬಿಡಿಸಿಕೊಂಡು ಹೊರಟಿತು.

ಮಂಗಳವಾರ ಇಳಿಹೊತ್ತಿಗೆ ತೋಡಿನ ದಂಡೆಯಲ್ಲಿ ಹುಲಿಗೆವ್ವ ಕೂತಿದ್ದಳು. ಪಕ್ಕದಲ್ಲಿ ಭತ್ತದ ಬೀಜದ ಚೀಲ, ಬಾಯಿ ಕಟ್ಟಿದ್ದು. ಕೆಂಪು ನೀರಿನ ಮೇಲೆ ಕುಣಿಯುತ್ತ ಬಂದ ಬುರುಡೆಯನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನಡೆದ ಬಿಸಿಲಿಗೆ ಟವೆಲು ತಲೆಗೆ ಏರಿದ್ದು ನನಗೆ ನೆನಪೇ ಇರಲಿಲ್ಲ.

ಬುರುಡೆಯ ಮೀಸೆ ನೋಡಿದಳು, ನನ್ನ ಮೀಸೆ ನೋಡಿದಳು.

"ಈ ಸಲ ಜೋಡಿ ಬಂದಾವಲ್ಲೋ," ಎಂದಳು. ಬೈಗುಳಕ್ಕೆ ಕಾದು ನಿಂತೆ. ಅವಳು ಚೀಲದ ಬಾಯಿ ಬಿಚ್ಚಿ, ಒಂದು ತುದಿಯನ್ನು ನನ್ನ ಕಡೆ ತಳ್ಳಿದಳು. "ಹದಿನೇಳು ವರ್ಷದ್ದು ಆಮ್ಯಾಲ ಬೈತೀನಿ. ಮೊದ್ಲು ಹಿಡಿ, ಭತ್ತ ನೆನಿ ಹಾಕೋಣು."