ಅತ್ತೆಯವರ ಸಮುದ್ರಸ್ನಾನ

ಮೈಮೇಲೆ ಒಂದೆಳೆ ನೂಲೂ ಇಲ್ಲದ ಗಂಡಸಿನ ಎದುರು ನಿಂತು ನೀವು ಯಾವತ್ತಾದರೂ ಮನೆಗಳ ರೇಟ್ ಬಗ್ಗೆ ಮಾತಾಡಿದ್ದೀರಾ? ಹೋದ ತಿಂಗಳು ನಾನು ಮಾತಾಡಿದೆ. ಪಕ್ಕದಲ್ಲೇ ನನ್ನ ಅತ್ತೆ ಕೂತಿದ್ದರು.

ನನ್ನ ಹೆಂಡತಿ ಶುಭಾಗೆ ಗ್ರೀಸ್ ನೋಡೋ ಹುಚ್ಚು. ಹೊಸಪೇಟೆಯಿಂದ ಮೆಲ್ಬೋರ್ನಿನ ಎಪ್ಪಿಂಗ್‌ನಲ್ಲಿರೋ ನಮ್ಮ ಫ್ಲ್ಯಾಟಿಗೆ ಬಂದಿದ್ದ ಅವಳಮ್ಮನನ್ನೂ ಕರಕೊಂಡು ನಾಕ್ಸೋಸ್ ಅನ್ನೋ ದ್ವೀಪಕ್ಕೆ ಹೋದೆವು.

ಬೆಳಿಗ್ಗೆ ಅಪೋಲೋ ದೇವಸ್ಥಾನ. ದೇವಸ್ಥಾನ ಅಂದರೆ ಗುಡ್ಡದ ಮೇಲೆ ಅಮೃತಶಿಲೆಯ ಒಂದು ಭಾರೀ ಬಾಗಿಲು, ಅಷ್ಟೇ. ಉಳಿದಿದ್ದನ್ನು ಕಟ್ಟಿ ಮುಗಿಸಲೇ ಇಲ್ಲವಂತೆ. (ನಮ್ಮ ಬಿಲ್ಡರ್‌ಗಳ ಪೂರ್ವಜರಿರಬೇಕು.) ನಾನು ಗೈಡ್‌ಬುಕ್ ತೆಗೆದು ಭಕ್ತಿಯಿಂದ ಓದತೊಡಗಿದೆ. ಅತ್ತೆ ಬಾಗಿಲಿನ ಆ ಕಡೆ ಹೋಗಿ, ಈ ಕಡೆ ಬಂದರು.

“ನಮ್ಮ ಹಂಪ್ಯಾಗ ಇಂಥವು ಓಣಿಗೊಂದು ಅದಾವು. ಇದಕ್ಕ ಇಷ್ಟು ದೂರ ಬರಬೇಕಿತ್ತೇನ್ರೀ?”

ಪುಸ್ತಕ ಮುಚ್ಚಿದೆ.

ಆಮೇಲೆ ಒಂದು ತೋಟದಲ್ಲಿ ಕಾಲು ಮುರಿದ ಕಲ್ಲಿನ ಗಂಡಸು. ಸಾವಿರಾರು ವರ್ಷದಿಂದ ಬರೀ ಮೈಯಲ್ಲಿ ಮಲಗಿದ್ದಾನೆ. ಶುಭಾ ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದಳು. ಯಾರಿಗೂ ಏನೂ ಅನಿಸಲಿಲ್ಲ. ಕಲೆ ಅಲ್ಲವೇ?

ಮಧ್ಯಾಹ್ನ ಬೀಚ್. ಜನಜಂಗುಳಿ ಇಲ್ಲದ ಜಾಗಕ್ಕೆ ಬಿಡಪ್ಪಾ ಅಂತ ಟ್ಯಾಕ್ಸಿಯವನಿಗೆ ನಾನೇ ಹೇಳಿದ್ದೆ. ಬಿಟ್ಟ. ಜನ ಕಮ್ಮಿ ಇದ್ದರು. ಬಟ್ಟೆ ಇನ್ನೂ ಕಮ್ಮಿ ಇತ್ತು. ತಿರುಗಿ ನೋಡಿದರೆ ಟ್ಯಾಕ್ಸಿ ಹೊರಟುಹೋಗಿತ್ತು. ಅವನು ಮತ್ತೆ ಬರೋದು ಸಂಜೆಗೇ.

ಏನು ಮಾಡೋದು? ಸಮುದ್ರಕ್ಕೆ ಬೆನ್ನು ಹಾಕಿ ಚಾಪೆ ಹಾಸಿದೆವು. ಅಷ್ಟು ದುಡ್ಡು ಕೊಟ್ಟು ಗ್ರೀಸ್‌ಗೆ ಹೋಗಿ, ಗುಡ್ಡದ ಮೇಲಿನ ಆಡುಗಳನ್ನು ನೋಡುತ್ತಾ ಕೂತೆವು. ಕಾಲು ತೊಯಿಸಿಕೊಂಡು ಬರ್ತೀನಿ ಅಂತ ಅತ್ತೆ ಎದ್ದು ಹೋದರು. ಅವರ ಮೇಲೆ ಕಣ್ಣಿಡಬೇಕು ಅಂದರೆ ಉಳಿದವರ ಮೇಲೂ ಕಣ್ಣು ಬೀಳುತ್ತಲ್ಲ? ನಾನು ತಿರುಗಲಿಲ್ಲ. ಶುಭಾ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿದ್ದಳು.

ಹಿಂದೆ ಏನೋ ಕೂಗಾಟ. ಆಟ ಆಡ್ತಿದ್ದಾರೆ ಅಂದುಕೊಂಡೆ. ಕೂಗು ಜೋರಾದಾಗ ತಿರುಗಿದೆ. ಒಬ್ಬ ಬೆತ್ತಲೆ ಗಂಡಸು ಅತ್ತೆಯವರನ್ನು ತೋಳಲ್ಲಿ ಹಿಡಿದು ನೀರಿನಿಂದ ಎಳೆದು ತರುತ್ತಿದ್ದ. ಅಲೆ ಕೆಡವಿತ್ತು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು, ಏಳಲಾಗದೆ ಮುಳುಗಿದ್ದರಂತೆ.

ಓಡಿದೆವು. ಅತ್ತೆ ನೀರು ಕಾರಿಕೊಂಡು, ಮರಳ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಶುಭಾ ಅವರನ್ನು ತಬ್ಬಿಕೊಂಡು ಅತ್ತಳು. ಗ್ರೀಕ್‌ನಲ್ಲಿ ಥ್ಯಾಂಕ್ಸ್ ಹೇಗೆ ಹೇಳೋದು ಅಂತ ತಡಕಾಡುವಷ್ಟರಲ್ಲಿ ಅವನೇ ಬಾಯಿಬಿಟ್ಟ.

“ನೋ ವರೀಸ್, ಮೇಟ್.”

ನಮ್ಮ ಮೆಲ್ಬೋರ್ನಿನವನೇ. ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕ್ ಕೆಲಸ. ಇದು ಅಪ್ಪ-ಅಮ್ಮನ ಊರಂತೆ. ನಾನು ಎಪ್ಪಿಂಗ್ ಅಂದಿದ್ದೇ ತಡ, ಅಲ್ಲಿ ಮನೆಗಳ ರೇಟ್ ಹೇಗಿದೆ ಅಂತ ಕೇಳಿದ. ಜೀವ ಉಳಿಸಿದವನಿಗೆ ಉತ್ತರ ಕೊಡದೆ ಇರೋಕಾಗುತ್ತಾ? ಅವನ ಹಣೆಯನ್ನೇ ದಿಟ್ಟಿಸುತ್ತಾ ಮಾರ್ಟ್‌ಗೇಜ್ ವಿವರಿಸಿದೆ.

ಅತ್ತೆ ನಿಧಾನ ಎದ್ದರು. ನನ್ನ ಹೆಗಲ ಮೇಲಿದ್ದ ಟವೆಲ್ ಎಳೆದುಕೊಂಡು, ಎರಡೂ ಕೈಯಿಂದ ಅವನಿಗೆ ಹೊದಿಸಿದರು. “ಗಾಳಿ ಭಾಳ ಐತಿ ತಮ್ಮಾ, ಥಂಡಿ ಆಗತೈತಿ” ಅಂದರು. ಅವನಿಗೆ ಏನು ಅರ್ಥವಾಯಿತೋ, ತಲೆ ಬಗ್ಗಿಸಿ ಸುತ್ತಿಕೊಂಡ.

ಸಂಜೆ ರೂಮಿನಲ್ಲಿ ಶುಭಾ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಅಮ್ಮ ಮುಳುಗುವಾಗ ನೀವು ಏನು ಮಾಡ್ತಿದ್ರಿ ಅಂತ. ನಿಮ್ಮಮ್ಮನ ಮರ್ಯಾದೆಗೆ ಅಂತಲೇ ಆ ಕಡೆ ನೋಡಲಿಲ್ಲ ಅಂದೆ.

ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದ ಅತ್ತೆ ಬಾಚಣಿಗೆ ನಿಲ್ಲಿಸದೆ ಹೇಳಿದರು: “ಮರ್ಯಾದಿ ನೀವ ಕಾಯ್ರಿ ಅಳಿಯಂದಿರ. ಜೀವ ಕಾಯೋರು ಬಟ್ಟಿ ಇಲ್ದನೂ ಬರ್ತಾರ.”